ಬೆಳಗ್ಗಿಂದ ಸಂಜೆವರೆಗೆ ಸುಮ್ನೆ ಕೂರಿಸ್ತಾರಂತೆ, ನಿಜವಾ?

ಪ್ರಶ್ನೆ: ನಾನು ಕ್ಯಾಲಿಫೋರ್ನಿಯಾದ ಸನಿವೇಲ್‌ನಲ್ಲಿದ್ದೇನೆ, ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ. ಊರು ಹಾಸನದ ಹತ್ತಿರ. ಹೋದ ವರ್ಷ ಇಲ್ಲಿನ ಸಿಟಿಜನ್ ಆದೆ. ಮೊನ್ನೆ ಕೌಂಟಿ (ಇಲ್ಲಿನ ಜಿಲ್ಲೆ) ಕೋರ್ಟಿನಿಂದ ಜ್ಯೂರಿ ಸಮನ್ಸ್ ಬಂತು, ಅಂದರೆ ಕೇಸು ಕೇಳಿ ತೀರ್ಪು ಹೇಳುವ ಸಾಮಾನ್ಯ ಜನರ ತಂಡಕ್ಕೆ ಬರಬೇಕು ಅನ್ನುವ ಕರೆ. ಇನ್ನೂ ಗ್ರೀನ್ ಕಾರ್ಡಿನಲ್ಲಿರುವ ನಮ್ಮ ಯಜಮಾನರಿಗೂ ಬಂದಿದೆ! ಮಗಳಿಗೆ ಏಳು ವರ್ಷ, ಸ್ಕೂಲಿಂದ ಕರೆತರುವವಳು ನಾನೇ. ಊರಿಂದ ಬಂದಿರುವ ಅತ್ತೆಗೆ ಕಾರು ಓಡಿಸಲು ಬರುವುದಿಲ್ಲ. ಸಮನ್ಸ್‌ನಲ್ಲಿ ಹೇಳಿದ ವಾರ ಕಳೆದು ಹತ್ತು ದಿನಕ್ಕೆ ತಮ್ಮನ ಮನೆಯ ಗೃಹಪ್ರವೇಶ ಇದೆ, ಟಿಕೆಟ್ ಆಗಿದೆ. ಕೇಸು ಎಳೆದರೆ ಗತಿ ಏನು? ಹೋಗಿ ಬಂದವರು 'ಬೆಳಗ್ಗಿಂದ ಸಂಜೆವರೆಗೆ ಸುಮ್ನೆ ಕೂರಿಸಿ ಕಳಿಸಿದ್ರು' ಅನ್ನುತ್ತಾರೆ. ಒಬ್ಬ ಗೆಳತಿ 'ಇಂಗ್ಲಿಷ್ ಬರಲ್ಲ ಅಂತ ಬರಿ' ಅಂದಳು. ಇನ್ನೊಬ್ಬರು 'ಪೊಲೀಸರನ್ನ ಕಂಡ್ರೆ ಆಗಲ್ಲ ಅನ್ನು, ಬಿಟ್ಟುಬಿಡ್ತಾರೆ' ಅಂದರು. 'ಕಸದ ಬುಟ್ಟಿಗೆ ಹಾಕು' ಅಂದವರೂ ಇದ್ದಾರೆ. ನನ್ನ ಇಂಗ್ಲಿಷ್ ಉಚ್ಚಾರಣೆ ಕೇಳಿ ಅಲ್ಲಿ ನಗುತ್ತಾರೇನೋ ಅನ್ನುವ ಅಳುಕೂ ಇದೆ. ಇದೆಲ್ಲದರ ಮೇಲೆ ಅತ್ತೆ, 'ಯಾರನ್ನೋ ಜೈಲಿಗೆ ಕಳಿಸಿದ ಪಾಪ ನಮಗ್ಯಾಕಮ್ಮಾ?' ಅನ್ನುತ್ತಾರೆ. ಏನು ಮಾಡಲಿ?

ಉತ್ತರ: ನಾನು ಇಲ್ಲಿ ಕ್ರಿಮಿನಲ್ ಕೇಸುಗಳಲ್ಲಿ ಆರೋಪಿಗಳ ಪರ ವಾದಿಸುವ ವಕೀಲ. ಜ್ಯೂರಿಯ ಎದುರು ನಿಂತು ಮಾತಾಡುವುದೇ ನನ್ನ ಹೊಟ್ಟೆಪಾಡು. ನೀವು ಐದಾರು ಪ್ರಶ್ನೆ ಕೇಳಿದ್ದೀರಿ. ಆದರೆ ಒಳಗಿರುವ ಭಯ ಎರಡೇ ಅನಿಸುತ್ತದೆ. ಒಳಗೆ ಹೋದರೆ ಯಾವಾಗ ಬಿಡುತ್ತಾರೋ ಅನ್ನುವುದು ಒಂದು. ಇನ್ನೊಬ್ಬರ ಬದುಕಿನ ತೀರ್ಮಾನ ಮಾಡಲು ನಾನ್ಯಾರು ಅನ್ನುವುದು ಇನ್ನೊಂದು.

ಮೊದಲು ಯಜಮಾನರ ಕಾಗದ ನೋಡೋಣ. ತಡ ಮಾಡಬಾರದ್ದು ಅದೊಂದೇ. ಯಾರು ಸಿಟಿಜನ್, ಯಾರು ಅಲ್ಲ ಅನ್ನುವುದು ಕೋರ್ಟಿಗೆ ಗೊತ್ತಿರುವುದಿಲ್ಲ. ವೋಟರ್ ಪಟ್ಟಿ, ಡಿಎಂವಿ ಅಂದರೆ ಇಲ್ಲಿನ ಆರ್‌ಟಿಒದ ಲೈಸೆನ್ಸ್ ಪಟ್ಟಿ, 2022ರಿಂದ ರಾಜ್ಯದ ತೆರಿಗೆ ಲೆಕ್ಕ ಸಲ್ಲಿಸುವವರ ಪಟ್ಟಿ, ಇಷ್ಟನ್ನೂ ಕಲೆಸಿ ಅದರಿಂದ ಹೆಸರು ಎತ್ತುತ್ತಾರೆ. ಹಾಗಾಗಿ ಗ್ರೀನ್ ಕಾರ್ಡಿನವರಿಗೂ, ವೀಸಾದವರಿಗೂ ಸಮನ್ಸ್ ಬರುವುದು ಮಾಮೂಲು. ಅವರು ಜ್ಯೂರಿಯಲ್ಲಿ ಕೂರುವಂತಿಲ್ಲ. 'ಸಿಟಿಜನ್ ಅಲ್ಲ' ಅನ್ನುವ ಕಡೆ ಗುರುತು ಹಾಕಿ, ಸಹಿ ಮಾಡಿ ವಾಪಸ್ ಕಳಿಸಿದರೆ ಮುಗಿಯಿತು. ಆನ್‌ಲೈನಿನಲ್ಲೂ ಮಾಡಬಹುದು. ಆದರೆ ಅವಸರದಲ್ಲಿ 'ಸಿಟಿಜನ್ ಹೌದು' ಅನ್ನುವ ಕಡೆ ಟಿಕ್ ಆಗಬಾರದು. ಸಿಟಿಜನ್ ಅಂತ ಸುಳ್ಳು ಹೇಳಿಕೊಳ್ಳುವುದನ್ನು ಇಮಿಗ್ರೇಷನ್ ಕಾನೂನು ತುಂಬಾ ಗಂಭೀರವಾಗಿ ನೋಡುತ್ತದೆ. 'ಕೈತಪ್ಪಿ ಆಯ್ತು' ಅಂತ ವಿವರಿಸುವ ಹೊತ್ತಿಗೆ ಇಮಿಗ್ರೇಷನ್ ವಕೀಲರ ಫೀಸು ಶುರುವಾಗಿರುತ್ತದೆ. ಮನೆಯಲ್ಲಿ ಎರಡೂ ಫಾರಂ ಒಬ್ಬರೇ ಕೂತು ತುಂಬುವ ಅಭ್ಯಾಸ ನಮ್ಮವರಲ್ಲಿ ಜಾಸ್ತಿ. ಈ ಒಂದು ಸಲ ಬೇಡ.

ಇನ್ನು ಕಸದ ಬುಟ್ಟಿ. ಸಮನ್ಸ್ ಸಾದಾ ಅಂಚೆಯಲ್ಲಿ ಬರುತ್ತದೆ, ನಿಜ. 'ನನಗೆ ಬಂದೇ ಇಲ್ಲ' ಅನ್ನಬಹುದಲ್ಲ ಅನ್ನುವುದು ಅವರ ಲೆಕ್ಕ. ಆಮೇಲೆ ಎರಡನೇ ನೋಟಿಸ್ ಬರುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಮೊದಲ ಸಲಕ್ಕೆ 250 ಡಾಲರ್, ಎರಡನೆಯದಕ್ಕೆ 750, ಆಮೇಲೆ 1500 ಡಾಲರ್‌ವರೆಗೆ ದಂಡ ಹಾಕಲು ಕೋರ್ಟಿಗೆ ಅಧಿಕಾರವಿದೆ. ಎಲ್ಲರಿಗೂ ಹಾಕುತ್ತಾರಾ? ಇಲ್ಲ. ಆದರೆ ಹೊಸ ಸಿಟಿಜನ್ ಆಗಿ ಈ ಜೂಜು ಯಾಕೆ ಆಡುತ್ತೀರಿ? ಇದೇ ಭಯವನ್ನು ಬಂಡವಾಳ ಮಾಡಿಕೊಂಡ ಕಳ್ಳರೂ ಇದ್ದಾರೆ. 'ನೀವು ಜ್ಯೂರಿಗೆ ಬಂದಿಲ್ಲ, ವಾರಂಟ್ ಆಗಿದೆ, ಗಿಫ್ಟ್ ಕಾರ್ಡಿನಲ್ಲಿ ದುಡ್ಡು ಕಟ್ಟಿ' ಅಂತ ಯಾರಾದರೂ ಫೋನ್ ಮಾಡಿದರೆ ಮಾತಾಡದೆ ಇಟ್ಟುಬಿಡಿ. ಕೋರ್ಟು ಹಾಗೆ ಫೋನಿನಲ್ಲಿ ದುಡ್ಡು ಕೇಳುವುದಿಲ್ಲ.

'ಇಂಗ್ಲಿಷ್ ಬರಲ್ಲ' ಅನ್ನುವ ಉಪಾಯವನ್ನು ನಾನು ಕಣ್ಣಾರೆ ನೋಡಿದ್ದೇನೆ. ಒಬ್ಬ ಭಾರತೀಯ ಇಂಜಿನಿಯರ್, ನಲವತ್ತರ ಆಸುಪಾಸು. ಜಡ್ಜ್ ಕೇಳಿದ್ದಕ್ಕೆಲ್ಲ ತಡವರಿಸಿ, 'ಇಂಗ್ಲಿಷ್ ಅಷ್ಟಾಗಿ ಅರ್ಥ ಆಗಲ್ಲ' ಅಂದರು. ಜಡ್ಜ್ ಸಮಾಧಾನವಾಗಿ ಕೇಳಿದರು, 'ಆಫೀಸಿನಲ್ಲಿ ಎಷ್ಟು ಜನ ನಿಮ್ಮ ಕೈಕೆಳಗಿದ್ದಾರೆ?' 'ಹದಿನಾಲ್ಕು.' 'ಅವರ ಜೊತೆ ಮೀಟಿಂಗ್ ಯಾವ ಭಾಷೆಯಲ್ಲಿ ಮಾಡುತ್ತೀರಿ?' ಕೋರ್ಟಿನಲ್ಲಿದ್ದ ಅರವತ್ತು ಜನವೂ ನಕ್ಕರು. ಆತ ನಗಲಿಲ್ಲ, ಕಿವಿ ಕೆಂಪಾಗಿತ್ತು. ಅಲ್ಲಿ ಕೊಡುವ ಉತ್ತರಗಳಿಗೆ ಪ್ರಮಾಣ ಮಾಡಿಸಿರುತ್ತಾರೆ. ಗೊತ್ತಿದ್ದೂ ಸುಳ್ಳು ಹೇಳಿದರೆ ಅದೇ ಒಂದು ಅಪರಾಧ. 'ಪೊಲೀಸರನ್ನ ಕಂಡ್ರೆ ಆಗಲ್ಲ' ಅನ್ನುವುದಕ್ಕೂ ಇದೇ ಮಾತು. ನಿಜವಾಗಿ ಹಾಗನಿಸಿದ್ದರೆ ಹೇಳಿ, ಅದು ನಿಮ್ಮ ಹಕ್ಕು. ಇಲ್ಲದ್ದನ್ನು ಕಟ್ಟಿ ಹೇಳಿದರೆ ಮುಂದಿನ ಪ್ರಶ್ನೆಗೇ ಬಯಲಾಗುತ್ತದೆ. ಜಡ್ಜ್‌ಗಳು ಇಂಥ ನೂರು ಕಥೆ ಕೇಳಿರುತ್ತಾರೆ.

ನೀವು ಸುಳ್ಳು ಹೇಳುವ ಅಗತ್ಯವೇ ಇಲ್ಲ. ನಿಮ್ಮ ನಿಜವಾದ ಕಾರಣಗಳೇ ಸಾಕು.

ದಿನಾಂಕ ಮುಂದೂಡಿಸುವುದು ಸುಲಭ. ಸಮನ್ಸ್ ಮೇಲಿರುವ ನಂಬರ್ ಹಾಕಿ ಕೋರ್ಟಿನ ವೆಬ್‌ಸೈಟಿನಲ್ಲಿ ಕೇಳಬಹುದು. ಮೊದಲ ಸಲ ಸಾಮಾನ್ಯವಾಗಿ ತಕರಾರಿಲ್ಲದೆ ಕೊಡುತ್ತಾರೆ. ಗೃಹಪ್ರವೇಶ ಮುಗಿಸಿ ಬಂದ ಮೇಲಿನ ಒಂದು ವಾರ ಆರಿಸಿಕೊಳ್ಳಿ. ಮಗಳನ್ನು ಸ್ಕೂಲಿಂದ ಕರೆತರಲು ಯಜಮಾನರಿಗೆ ಅನುಕೂಲವಾಗುವ ವಾರ ಇರಲಿ. ಇದರಲ್ಲಿ ಒಂದೇ ಅಪಾಯ. ಎರಡನೇ ಸಲ ಕೇಳಿದಾಗ ಅಷ್ಟು ಸಲೀಸಾಗಿ ಒಪ್ಪುವುದಿಲ್ಲ. ಆದ್ದರಿಂದ ಹೊಸ ದಿನಾಂಕ ಹಾಕುವ ಮುಂಚೆ ಮನೆಯ ಕ್ಯಾಲೆಂಡರ್ ಸರಿಯಾಗಿ ನೋಡಿ. ಡಿಸೆಂಬರಿನ ಹಬ್ಬದ ವಾರ ಕೇಳಿದರೆ ಕರೆಯುವುದೇ ಇಲ್ಲ ಅನ್ನುವ ಗುಟ್ಟಿನ ಸಲಹೆ ನಿಮಗೂ ಬಂದಿರಬಹುದು. ಆಗ ವಿಚಾರಣೆಗಳು ಕಡಿಮೆ, ಅದು ನಿಜ. ಆದರೆ ಅದೇ ಯೋಚನೆ ಮಾಡಿದವರು ನೀವೊಬ್ಬರೇ ಅಲ್ಲ.

ಪೂರ್ತಿ ವಿನಾಯಿತಿಯೂ ಉಂಟು. ಕೋರ್ಟಿನ ಹೊತ್ತಿನಲ್ಲಿ ಮಗುವನ್ನೋ ಕಾಯಿಲೆಯವರನ್ನೋ ನೀವೇ ನೋಡಿಕೊಳ್ಳಬೇಕು, ಬೇರೆ ಏರ್ಪಾಡು ಸಾಧ್ಯವಿಲ್ಲ ಅನ್ನುವ ಪರಿಸ್ಥಿತಿಯಿದ್ದರೆ ಅದನ್ನು ಕ್ಯಾಲಿಫೋರ್ನಿಯಾದ ನಿಯಮ ಒಪ್ಪುತ್ತದೆ. ಒತ್ತು ಇರುವುದು 'ಬೇರೆ ಏರ್ಪಾಡು ಸಾಧ್ಯವಿಲ್ಲ' ಅನ್ನುವುದರ ಮೇಲೆ. ಮನೆಯಲ್ಲಿ ಕಾರು ಓಡಿಸುವವರು ಇನ್ನೊಬ್ಬರಿದ್ದಾರೆ, ಸ್ಕೂಲಿನಲ್ಲಿ ಆಮೇಲೂ ಮಕ್ಕಳನ್ನು ನೋಡಿಕೊಳ್ಳುವ ವ್ಯವಸ್ಥೆ ಇದೆ ಅಂತಾದರೆ ವಿನಾಯಿತಿ ಸಿಗುವುದು ಅನುಮಾನ. ನನ್ನ ಸಲಹೆ ಮುಂದೂಡುವುದು.

'ತಿಂಗಳುಗಟ್ಟಲೆ ಸಿಕ್ಕಿಹಾಕಿಕೊಳ್ತೀನಾ?' ಇಲ್ಲಿನ ಪದ್ಧತಿ 'ಒಂದು ದಿನ ಅಥವಾ ಒಂದು ಕೇಸು'. ಸಮನ್ಸ್‌ನಲ್ಲಿ ನಿಮಗೊಂದು ಗ್ರೂಪ್ ನಂಬರ್ ಇರುತ್ತದೆ. ಹಿಂದಿನ ದಿನ ಸಂಜೆ ಆ ನಂಬರಿಗೆ ಕರೆ ಇದೆಯಾ ಅಂತ ನೋಡಬೇಕು. ಐದು ದಿನ ಹೀಗೆ ನೋಡಿಯೂ ಕರೆ ಬರದಿದ್ದರೆ ಕರ್ತವ್ಯ ಮುಗಿಯಿತು. ಕರೆದು, ಒಂದು ದಿನ ಕೂರಿಸಿ, ಯಾವ ಕೋರ್ಟ್ ರೂಮಿಗೂ ಕಳಿಸದಿದ್ದರೂ ಮುಗಿಯಿತು. ಆಮೇಲೆ ಕಡಿಮೆ ಎಂದರೂ ಒಂದು ವರ್ಷ ಮತ್ತೆ ಕರೆಯುವುದಿಲ್ಲ. ಆಯ್ಕೆಯಾದರೆ ಮಾತ್ರ ಆ ಒಂದು ಕೇಸು ಮುಗಿಯುವ ತನಕ ಹೋಗಬೇಕು. ನಾನು ನಡೆಸಿದ ಹೆಚ್ಚಿನ ಕೇಸುಗಳು ಒಂದೆರಡು ವಾರದೊಳಗೆ ಮುಗಿದಿವೆ. ತಿಂಗಳು ಮೀರುವ ಕೇಸುಗಳೂ ಇವೆ. ಆದರೆ ಎಷ್ಟು ದಿನ ಆಗಬಹುದು ಅಂತ ಜಡ್ಜ್ ಮೊದಲೇ ಹೇಳಿ, ಯಾರಿಗೆ ತೊಂದರೆ ಅಂತ ಕೇಳುತ್ತಾರೆ. ಆಗ ಕೈ ಎತ್ತಿ ಹೇಳಬೇಕು. ಆಯ್ಕೆಯಾಗಿ ಮೂರು ದಿನ ಆದ ಮೇಲೆ 'ನನಗೆ ಟಿಕೆಟ್ ಇದೆ' ಅಂದರೆ ಯಾರಿಗೂ ಖುಷಿಯಾಗುವುದಿಲ್ಲ.

ಕೆಲಸದ ವಿಷಯ. ಮುಂಚಿತವಾಗಿ ತಿಳಿಸಿದ್ದರೆ, ಜ್ಯೂರಿಗೆ ಹೋದಿರಿ ಅಂತ ನಿಮ್ಮನ್ನು ಕೆಲಸದಿಂದ ತೆಗೆಯುವಂತಿಲ್ಲ. ಸಂಬಳ ಕೊಡಲೇಬೇಕು ಅಂತ ಖಾಸಗಿ ಕಂಪನಿಗಳಿಗೆ ಇಲ್ಲಿನ ಕಾನೂನು ಹೇಳುವುದಿಲ್ಲ. ಆದರೂ ಹಲವು ಕಂಪನಿಗಳು ಕೊಡುತ್ತವೆ, ಎಚ್‌ಆರ್ ಕೇಳಿ ನೋಡಿ. ಕೋರ್ಟು ಕೊಡುವುದು ಎರಡನೇ ದಿನದಿಂದ ದಿನಕ್ಕೆ 15 ಡಾಲರ್, ಮೈಲಿಗೆ 34 ಸೆಂಟ್. ಎಲ್ ಕಮಿನೊ ರಸ್ತೆಯಲ್ಲಿ ಒಂದು ಮಸಾಲೆ ದೋಸೆ ತಿಂದು ಟಿಪ್ ಇಟ್ಟರೆ ಕಾಫಿಗೆ ಉಳಿಯುವುದಿಲ್ಲ.

ಈಗ ಕಾಯುವ ವಿಷಯಕ್ಕೆ ಬರೋಣ. ನನಗೆ ಹೇಳಲು ಜಾಸ್ತಿ ಇರುವುದು ಇದರ ಬಗ್ಗೆಯೇ.

ಹೌದು, ಕೂರಿಸುತ್ತಾರೆ. ಅರಸೀಕೆರೆ ಜಂಕ್ಷನ್‌ನಲ್ಲಿ ಲೇಟಾದ ರೈಲಿಗೆ ಕಾದ ಹಾಗೆ. ಅಲ್ಲಾದರೆ ಮೈಕಿನಲ್ಲಿ ಎಷ್ಟು ಹೊತ್ತು ಲೇಟು ಅಂತಾದರೂ ಹೇಳುತ್ತಾರೆ. ಇಲ್ಲಿ ಅದೂ ಇಲ್ಲ. ಅದೇ ಜನರಿಗೆ ರೇಗುವುದು. ಆದರೆ ಆ ಹೊತ್ತಿನಲ್ಲಿ ಗೋಡೆಯಾಚೆ ಏನು ನಡೆಯುತ್ತಿರುತ್ತದೆ ಅಂತ ನಾನು ಹೇಳಬಲ್ಲೆ. ಆ ಕಡೆ ಇರುವವನು ನಾನೇ ತಾನೇ.

ಕೆಲವು ಸಲ ನಾವು ವಕೀಲರು ಜಡ್ಜ್ ಮುಂದೆ ಜಗಳ ಆಡುತ್ತಿರುತ್ತೇವೆ. ಈ ಫೋಟೋ ಜ್ಯೂರಿಗೆ ತೋರಿಸಬಹುದಾ, ಆರೋಪಿಯ ಹಳೆಯ ಕೇಸಿನ ಮಾತು ಎತ್ತಬಹುದಾ ಅಂತ. ನಿಮ್ಮೆದುರಿಗೇ ಈ ಜಗಳ ಆಡಿದರೆ, ನೀವು ಕೇಳಬಾರದ್ದನ್ನು ಕೇಳಿಯೇಬಿಟ್ಟ ಹಾಗಾಯಿತು. ಆದ್ದರಿಂದ ನಿಮ್ಮನ್ನು ಹೊರಗಿಡುತ್ತಾರೆ. ಕೆಲವು ಸಲ ಸಾಕ್ಷಿ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡಿರುತ್ತಾನೆ, ಇಲ್ಲವೇ ದುಭಾಷಿ ಇನ್ನೊಂದು ಕೋರ್ಟಿನಲ್ಲಿರುತ್ತಾರೆ.

ಆದರೆ ದೊಡ್ಡ ಕಾರಣ ಬೇರೆಯೇ ಇದೆ. ಒಂದು ಕೇಸು ಹೇಳುತ್ತೇನೆ, ಗುರುತು ಸಿಗದಷ್ಟು ಮಾತ್ರ. ಇಪ್ಪತ್ತರ ಹುಡುಗ, ಕಳವಿನ ಆರೋಪ. ಎಂಟು ತಿಂಗಳಿಂದ ಸರ್ಕಾರಿ ವಕೀಲರು ಒಂದು ಮಾತಿಗೆ ಅಂಟಿಕೊಂಡಿದ್ದರು, ನಮ್ಮ ಹುಡುಗ ಇನ್ನೊಂದಕ್ಕೆ. ವಿಚಾರಣೆಯ ದಿನ ಬೆಳಿಗ್ಗೆ ಅವನು ನೀರು ಕುಡಿಯಲು ಕಾರಿಡಾರಿಗೆ ಹೋಗಿ ಬಂದ. ಬಂದವನೇ ನನ್ನ ತೋಳು ಹಿಡಿದುಕೊಂಡು, ಪಿಸುದನಿಯಲ್ಲಿ, 'ಹೊರಗೆ ಬ್ಯಾಡ್ಜ್ ಹಾಕ್ಕೊಂಡು ಅಷ್ಟೊಂದು ಜನ ಕೂತಿದ್ದಾರಲ್ಲ, ಎಲ್ಲಾ ನನಗೋಸ್ಕರವಾ?' ಅಂದ. ಹೌದು ಅಂದೆ. ಆ ಕಡೆ ಸರ್ಕಾರಿ ವಕೀಲರೂ ಬಾಗಿಲ ಗಾಜಿನಲ್ಲಿ ಅದೇ ಜನರನ್ನು ನೋಡಿ, ಮೊಬೈಲಿನಲ್ಲಿ ತಮ್ಮ ಸಾಕ್ಷಿ ಎಲ್ಲಿ ಅಂತ ವಿಚಾರಿಸುತ್ತಿದ್ದರು. ಎಂಟು ತಿಂಗಳಲ್ಲಿ ಆಗದ ರಾಜಿ ಊಟದ ಹೊತ್ತಿಗೆ ಆಯಿತು. ಹುಡುಗ ಒಂದು ಚಿಕ್ಕ ಆರೋಪ ಒಪ್ಪಿಕೊಂಡ, ಜೈಲು ತಪ್ಪಿತು. ಎರಡೂವರೆಗೆ ಹೊರಗಿದ್ದವರಿಗೆಲ್ಲ 'ಮನೆಗೆ ಹೋಗಬಹುದು' ಅಂದರು. ಲಿಫ್ಟಿನ ಹತ್ತಿರ ಒಬ್ಬ ಹಿರಿಯರು ಗೊಣಗಿದ್ದು ಕೇಳಿಸಿತು: 'ಒಂದು ದಿನ ದಂಡ ಆಯ್ತು.'

ಅವರನ್ನು ನಿಲ್ಲಿಸಿ ಹೇಳಬೇಕು ಅನಿಸಿತು. ಹೇಳುವಂತಿರಲಿಲ್ಲ. ಅವರು ಅಲ್ಲಿ ಕೂತಿದ್ದೇ ಅವತ್ತಿನ ಕೆಲಸ. ಹನ್ನೆರಡು ಜನ ನಿಜವಾಗಿ ಬಂದು ಕೂತಿದ್ದಾರೆ, ಈಗ ಶುರುವಾಗಿಯೇ ಬಿಡುತ್ತದೆ ಅನ್ನುವ ತನಕ ಎರಡೂ ಕಡೆಯವರು ಹಟ ಬಿಡುವುದಿಲ್ಲ. ಅಮೆರಿಕದಲ್ಲಿ ಬಹುಪಾಲು ಕ್ರಿಮಿನಲ್ ಕೇಸುಗಳು ವಿಚಾರಣೆಯವರೆಗೆ ಹೋಗದೆ ತಪ್ಪೊಪ್ಪಿಗೆಯಲ್ಲೇ ಮುಗಿಯುತ್ತವೆ. ಅಂಥ ಎಷ್ಟೋ ಕೇಸುಗಳ ಹಿಂದೆ ಹೀಗೆ ಸುಮ್ನೆ ಕೂತು ಎದ್ದು ಹೋದವರಿದ್ದಾರೆ. ಹಾಗಂತ ಕೋರ್ಟುಗಳು ಜನರ ಸಮಯಕ್ಕೆ ಬೆಲೆ ಕೊಡುತ್ತವೆ ಅಂತ ನಾನು ಹೇಳುತ್ತಿಲ್ಲ. ಏನಾಗುತ್ತಿದೆ ಅಂತ ಗಂಟೆಗೊಮ್ಮೆ ಹೇಳಿದರೆ ಅರ್ಧ ಸಿಟ್ಟು ಇಳಿಯುತ್ತದೆ. ಎಷ್ಟೋ ಕಡೆ ಅಷ್ಟೂ ಮಾಡುವುದಿಲ್ಲ.

ಹೋಗುವ ತಯಾರಿ ಹೀಗಿರಲಿ. ಮ್ಯಾನೇಜರಿಗೆ 'ಅರ್ಧ ದಿನ ಇರಲ್ಲ' ಅನ್ನಬೇಡಿ, 'ಇಡೀ ದಿನ ಸಿಗಲ್ಲ' ಅನ್ನಿ. ಅರ್ಧ ದಿನ ಅಂದವರೇ ಹತ್ತು ನಿಮಿಷಕ್ಕೊಮ್ಮೆ ಗಡಿಯಾರ ನೋಡಿ ಒದ್ದಾಡುವುದು. ಕಾಯುವ ಹಾಲ್‌ನಲ್ಲಿ ಲ್ಯಾಪ್‌ಟಾಪ್ ತೆಗೆಯಬಹುದು, ಆದರೆ ನಿಮ್ಮ ಹೆಸರು ಕೂಗಿದ ಕೂಡಲೇ ಮುಚ್ಚಿ ಏಳಬೇಕು. ಡೆಮೊ, ರಿಲೀಸ್ ಇಂಥದ್ದನ್ನು ಆ ದಿನಕ್ಕೆ ಇಟ್ಟುಕೊಳ್ಳಬೇಡಿ. ಒಂದು ಪುಸ್ತಕ, ಚಾರ್ಜರ್, ಮತ್ತೆ ಒಂದು ಸ್ವೆಟರ್. ಹೊರಗೆ ಎಷ್ಟೇ ಬಿಸಿಲಿರಲಿ, ಒಳಗೆ ಎಸಿ ಮೂಳೆ ಕೊರೆಯುತ್ತದೆ. ಬಾಗಿಲಲ್ಲಿ ಏರ್‌ಪೋರ್ಟ್ ಥರ ತಪಾಸಣೆ ಇರುತ್ತದೆ, ಬೆಳಿಗ್ಗೆ ಸಾಲು ಉದ್ದ. ಬ್ಯಾಗಿನ ಮೂಲೆಯಲ್ಲಿ ಮರೆತ ಹಣ್ಣಿನ ಚಾಕು ಇದ್ದರೆ ಅಲ್ಲೇ ಉಳಿಯುತ್ತದೆ. ಊಟಕ್ಕೆ ಚಿತ್ರಾನ್ನವೋ ಪುಳಿಯೋಗರೆಯೋ ಡಬ್ಬಿಗೆ ಹಾಕಿಕೊಳ್ಳಿ. ಬಿಸಿ ಮಾಡಲು ಮೈಕ್ರೋವೇವ್ ಇರುತ್ತದೆ ಅಂತ ನಂಬಿ ಹೋಗಬೇಡಿ, ತಣ್ಣಗಿದ್ದರೂ ಚೆನ್ನಾಗಿರುವುದನ್ನೇ ಒಯ್ಯಿರಿ. ಮಗಳನ್ನು ಕರೆತರುವ ಜವಾಬ್ದಾರಿ ಆ ವಾರ ಪೂರ್ತಿ ಯಜಮಾನರಿಗೆ ಬಿಡಿ. 'ಎರಡೂವರೆಗೆ ಬಿಟ್ಟರೆ ನಾನೇ ಹೋಗ್ತೀನಿ' ಅಂತ ಇಟ್ಟುಕೊಂಡರೆ ಆ ದಿನ ನಾಲ್ಕೂವರೆ ಆಗುವುದು ಗ್ಯಾರಂಟಿ.

ಕೋರ್ಟ್ ರೂಮಿಗೆ ಕರೆದರೆ ಅಲ್ಲಿ ಪ್ರಶ್ನೆಗಳು ಶುರುವಾಗುತ್ತವೆ. ಯಾವ ಏರಿಯಾ, ಏನು ಕೆಲಸ, ಮನೆಯಲ್ಲಿ ಯಾರು ಯಾರು, ಮನೆಯವರಿಗೆ ಯಾವಾಗಲಾದರೂ ಕಳ್ಳತನ, ಹಲ್ಲೆ ಇಂಥದ್ದೇನಾದರೂ ಆಗಿತ್ತಾ, ಪೊಲೀಸರಲ್ಲಿ ನೆಂಟರಿದ್ದಾರಾ. ಎಲ್ಲರೆದುರು ಹೇಳಲಾಗದ ವಿಷಯವಿದ್ದರೆ ಜಡ್ಜ್ ಹತ್ತಿರ ಪ್ರತ್ಯೇಕವಾಗಿ ಹೇಳುತ್ತೇನೆ ಅನ್ನಬಹುದು. ಆಮೇಲೆ ಎರಡೂ ಕಡೆಯ ವಕೀಲರು ಕಾರಣ ಹೇಳದೆಯೇ ಕೆಲವರನ್ನು ಬಿಡಿಸಬಹುದು. ದೊಡ್ಡ ಕ್ರಿಮಿನಲ್ ಕೇಸಿನಲ್ಲಿ ತಲಾ 10 ಜನರನ್ನು, ಜೀವಾವಧಿ ಶಿಕ್ಷೆಯಾಗಬಹುದಾದ ಕೇಸಾದರೆ 20. ನಿಮ್ಮನ್ನು ಬಿಡಿಸಿದರೆ ಬೇಜಾರು ಮಾಡಿಕೊಳ್ಳಬೇಡಿ. ನಾನೇ ಎಷ್ಟೋ ಒಳ್ಳೆಯ ಜನರನ್ನು ಬಿಡಿಸಿದ್ದೇನೆ.

ಉಚ್ಚಾರಣೆಯ ಅಳುಕು ಬಿಡಿ. ಹೇಳಿದ್ದು ನಿಮಗೆ ಅರ್ಥವಾಗಬೇಕು, ನೀವು ಹೇಳಿದ್ದು ಅವರಿಗೆ ಅರ್ಥವಾಗಬೇಕು, ಅಷ್ಟೇ. ಇಲ್ಲಿ ಒಂದು ಕಾನೂನಿನ ವಿಷಯ ನಿಮಗೆ ಖುಷಿ ಕೊಡಬಹುದು. ವಕೀಲರು ಕಾರಣ ಹೇಳದೆ ಬಿಡಿಸುವ ಹಕ್ಕನ್ನು ಜನಾಂಗ ನೋಡಿ ಬಳಸಬಾರದು ಅಂತ ಅಮೆರಿಕದ ಸುಪ್ರೀಂ ಕೋರ್ಟ್ 1986ರಲ್ಲೇ ಹೇಳಿತ್ತು. ಕ್ಯಾಲಿಫೋರ್ನಿಯಾ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. 2022ರಿಂದ ಇಲ್ಲಿನ ಕ್ರಿಮಿನಲ್ ಕೇಸುಗಳಲ್ಲಿ, 'ಇಂಗ್ಲಿಷ್ ಇವರ ತಾಯ್ನುಡಿಯಲ್ಲ', 'ಇವರಿಗೆ ಇನ್ನೊಂದು ಭಾಷೆ ಬರುತ್ತದೆ' ಅನ್ನುವ ಕಾರಣಕ್ಕೆ ಬಿಡಿಸಿದರೆ ಅದು ಮೇಲ್ನೋಟಕ್ಕೇ ತಪ್ಪು ಅಂತ ಎಣಿಸಬೇಕು. ಅಂದರೆ ನಿಮ್ಮ ಹಾಸನದ ಇಂಗ್ಲಿಷ್‌ಗೆ ಅಲ್ಲಿ ಕಾನೂನಿನ ಕಾವಲಿದೆ.

ಕೊನೆಗೆ ಅತ್ತೆಯ ಮಾತು. ನಾನು ಅದನ್ನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಮೊದಲನೆಯದಾಗಿ, ಅವರ ಅನುಭವದಲ್ಲಿ ಜ್ಯೂರಿಯೇ ಇಲ್ಲ. ಭಾರತದಲ್ಲಿ ಅದು ಹೋಗಿ ಬಹಳ ಕಾಲವಾಯಿತು. 1959ರ ನಾನಾವತಿ ಕೇಸಿನಲ್ಲಿ, ಹೆಂಡತಿಯ ಪ್ರಿಯಕರನನ್ನು ಗುಂಡಿಟ್ಟು ಕೊಂದ ನೌಕಾಪಡೆಯ ಅಧಿಕಾರಿಯನ್ನು ಜ್ಯೂರಿ 8-1ರಲ್ಲಿ ಬಿಟ್ಟಿದ್ದರಿಂದ ಜ್ಯೂರಿ ಪದ್ಧತಿಯೇ ನಿಂತಿತು ಅಂತ ಎಲ್ಲರೂ ಹೇಳುತ್ತಾರೆ, ಅಲ್ವಾ? ಅದು ಪೂರ್ತಿ ನಿಜವಲ್ಲ. ಅದಕ್ಕೂ ಮುಂಚೆ, 1958ರಲ್ಲೇ, ಕಾನೂನು ಆಯೋಗ ಜ್ಯೂರಿ ಬೇಡ ಅಂದಿತ್ತು. ಕ್ರಿಮಿನಲ್ ಕೇಸುಗಳಲ್ಲಿ ಪೂರ್ತಿ ಹೋಗಿದ್ದು 1973ರ ದಂಡ ಪ್ರಕ್ರಿಯಾ ಸಂಹಿತೆ ಬಂದ ಮೇಲೆ.

ಅತ್ತೆಗೆ ಅರಳಿಕಟ್ಟೆ ನ್ಯಾಯದ ಹೋಲಿಕೆ ಕೊಡಿ, ಆದರೆ ಉಲ್ಟಾ. ಅಲ್ಲಿ ಎರಡೂ ಮನೆಯ ಮೂರು ತಲೆಮಾರು ಬಲ್ಲ ಹಿರಿಯರೇ ಬೇಕು. ಇಲ್ಲಿ ಆರೋಪಿಯನ್ನು ಹಿಂದೆಂದೂ ಕಾಣದವರು ಬೇಕು. ಅಲ್ಲಿ ದಂಡವನ್ನೂ ಹಿರಿಯರೇ ಹೇಳುತ್ತಾರೆ. ಇಲ್ಲಿ ಹಾಗಲ್ಲ. ಮರಣದಂಡನೆಯ ಕೇಸುಗಳನ್ನು ಬಿಟ್ಟರೆ ಶಿಕ್ಷೆ ಎಷ್ಟು ಅನ್ನುವುದು ಜಡ್ಜ್ ಕೆಲಸ. ನೀವು ಹೇಳಬೇಕಾದ್ದು ಇಷ್ಟೇ: ಆರೋಪ ಸಾಬೀತಾಯಿತೋ ಇಲ್ಲವೋ. ಅದೂ ಅಂದಾಜಿನಲ್ಲಿ ಅಲ್ಲ. ಕೇಳಿದ್ದೆಲ್ಲ ತೂಗಿ ನೋಡಿದ ಮೇಲೂ, ಇದು ನಿಜ ಅನ್ನುವ ನಂಬಿಕೆ ಮನಸ್ಸಿನಲ್ಲಿ ಗಟ್ಟಿಯಾಗಿ ನಿಲ್ಲಬೇಕು ಅನ್ನುತ್ತದೆ ಇಲ್ಲಿನ ಸೂಚನೆ. ನಿಲ್ಲದಿದ್ದರೆ ಬಿಡಬೇಕು. ಕ್ರಿಮಿನಲ್ ಕೇಸಿನಲ್ಲಿ ಹನ್ನೆರಡೂ ಜನ ಒಪ್ಪಬೇಕು. ಸಂಶಯ ಇರುವ ಒಬ್ಬರೇ ಒಬ್ಬರು ಇದ್ದರೂ ಅವರನ್ನು ಬಿಟ್ಟು ತೀರ್ಪು ಆಗುವುದಿಲ್ಲ. ಪಾಪದ ಭಯ ಇರುವವರು ಆ ಕೋಣೆಯಲ್ಲಿ ಇದ್ದರೆ, ಆರೋಪಿಯ ಪರ ನಿಲ್ಲುವ ನನ್ನಂಥವನಿಗೆ ನೆಮ್ಮದಿ. ಯೋಚಿಸದೆ ಕೈ ಎತ್ತುವವರು ಬಂದರೇ ನನಗೆ ನಡುಕ.

ಇಷ್ಟಾದರೂ ನಿಮ್ಮ ಮನಸ್ಸು ಒಪ್ಪದಿದ್ದರೆ, ಯಾರ ಮೇಲೂ ತೀರ್ಪು ಹೇಳಲು ನಿಮ್ಮ ನಂಬಿಕೆ ಬಿಡದಿದ್ದರೆ, ಅದನ್ನು ಹಾಗೇ ಜಡ್ಜ್‌ಗೆ ಹೇಳಿ. ಅವರು ಎರಡು ಮೂರು ಪ್ರಶ್ನೆ ಕೇಳುತ್ತಾರೆ. ನಿಜ ಅನಿಸಿದರೆ ಬಿಡುತ್ತಾರೆ. ಪ್ರಮಾಣಕ್ಕೆ ಬೈಬಲ್ ಮುಟ್ಟಬೇಕಾಗಿಲ್ಲ. ಓದಿ ಹೇಳಿದ್ದಕ್ಕೆ ಒಪ್ಪಿದೆ ಅಂದರೆ ಸಾಕು.

ಆಯ್ಕೆಯಾದ ಮೇಲೆ ಎರಡು ಮಾತು ನೆನಪಿರಲಿ. ಕೇಸು ಮುಗಿಯುವ ತನಕ ಗೂಗಲ್ ಮಾಡುವಂತಿಲ್ಲ, ಜಾಗ ನೋಡಿ ಬರುವಂತಿಲ್ಲ, ರಾತ್ರಿ ಊಟಕ್ಕೆ ಕೂತಾಗ ಅತ್ತೆಗೂ ಯಜಮಾನರಿಗೂ ಹೇಳುವಂತಿಲ್ಲ. ಇದೇ ಎಲ್ಲಕ್ಕಿಂತ ಕಷ್ಟ ಅಂತ ಹೋಗಿ ಬಂದವರು ಹೇಳುತ್ತಾರೆ. ಇನ್ನೊಂದು, ಸಾಕ್ಷಿ ಕನ್ನಡದಲ್ಲಿ ಮಾತಾಡಿದರೂ ದುಭಾಷಿ ಇಂಗ್ಲಿಷ್‌ನಲ್ಲಿ ಹೇಳಿದ್ದೇ ನಿಮಗೆ ಲೆಕ್ಕ. ತಪ್ಪಾಗಿ ಹೇಳಿದರು ಅನಿಸಿದರೆ ಪಕ್ಕದವರಿಗೆ ಹೇಳಬೇಡಿ, ಕೋರ್ಟಿಗೆ ತಿಳಿಸಿ.

ವಕೀಲರು ನಿಮ್ಮನ್ನು ಕಾರಿಡಾರಿನಲ್ಲಿ ಕಂಡರೂ ಕಾಣದವರ ಹಾಗೆ ಹೋಗುತ್ತಾರೆ. ಅದು ಸೊಕ್ಕಲ್ಲ, ಜ್ಯೂರಿಯ ಜೊತೆ ಮಾತಾಡಬಾರದು ಅನ್ನುವ ನಿಯಮ. ಆ ವಾರ ಲಿಫ್ಟಿನಲ್ಲಿ ಕನ್ನಡದ ಮುಖದ ಒಬ್ಬ ವಕೀಲ ಸಿಕ್ಕಿ, ನಿಮ್ಮ ಡಬ್ಬಿಯ ಪುಳಿಯೋಗರೆ ವಾಸನೆ ಬಂದರೂ ಚಾವಣಿಯನ್ನೇ ನೋಡುತ್ತಾ ನಿಂತಿದ್ದರೆ, ದಯವಿಟ್ಟು ಯಾವ ಊರು ಅಂತ ಕೇಳಬೇಡಿ. ಕೇಸು ಮುಗಿದ ಮೇಲೆ ನಾನೇ ಕೇಳುತ್ತೇನೆ.